ಹಳೇ ಗೂಡಿನ ನರಿಮರಿಗಳು

ಊರಲ್ಲಿ ಅವಳನ್ನು ಹೆಸರು ಹಿಡಿದು ಕರೆಯುವವರು ಕಡಿಮೆ. ಎದುರಿಗೆ ಕೂತವರು ಪೊಲೀಸ್ ಅಧಿಕಾರಿಯಾಗಲಿ, ಮದುಮಗಳಾಗಲಿ, ಕ್ಯಾಮೆರಾದ ಹಿಂದಿನಿಂದ ಒಂದೇ ದನಿಯಲ್ಲಿ ‘ಅಲ್ಲಾಡ್ಬೇಡಿ’ ಅಂತ ಗದರುತ್ತಿದ್ದಳು. ಅದೇ ಅವಳ ಹೆಸರಾಗಿ ಹೋಯಿತು. ಬಸ್ ನಿಲ್ದಾಣದಲ್ಲಿ ನಿಂತು ‘ಅಲ್ಲಾಡ್ಬೇಡಿ ಅಕ್ಕ ಎಲ್ಲಿ?’ ಅಂತ ಯಾರನ್ನು ಕೇಳಿದರೂ ಎದುರಿನ ಮಹಡಿಯತ್ತ ಕೈ ತೋರಿಸುತ್ತಿದ್ದರು.

ಮಹಡಿಯಲ್ಲಿ ಅವಳ ಸ್ಟುಡಿಯೋ, ಕೆಳಗೆ ಗಂಡನ ಟೈಲರ್ ಅಂಗಡಿ. ಎಲ್ಲರ ಕೈಗೂ ಕ್ಯಾಮೆರಾ ಇರುವ ಫೋನು ಬಂದ ಮೇಲೆ ಊರಿನ ಬೇರೆ ಸ್ಟುಡಿಯೋಗಳು ಒಂದೊಂದಾಗಿ ಬಾಗಿಲು ಹಾಕಿದವು. ಅಕ್ಕ ತಲೆ ಕೆಡಿಸಿಕೊಳ್ಳಲಿಲ್ಲ. “ಮಕ್ಕಳು ಅಳೋದು ನಿಂತಿಲ್ವಲ್ಲ, ನನ್ನ ಕೆಲಸಾನೂ ನಿಲ್ಲಲ್ಲ” ಎನ್ನುತ್ತಿದ್ದಳು. ಮಾತು ಸುಳ್ಳಾಗಿರಲಿಲ್ಲ. ಕೂತಲ್ಲಿ ಕೂರದ, ಮುಟ್ಟಿದರೆ ಕಿರುಚುವ ಕೂಸುಗಳನ್ನು ಜನ ದೂರದಿಂದ ಅವಳ ಹತ್ತಿರ ಹೊತ್ತು ತರುತ್ತಿದ್ದರು. ಅಕ್ಕ ಗಿಲಕಿ ಆಡಿಸಿ, ನಾಲಿಗೆಯಲ್ಲಿ ಟಕ್ ಟಕ್ ಅನ್ನಿಸಿದಳೆಂದರೆ ಎಂಥ ರಚ್ಚೆ ಹಿಡಿದ ಮಗುವೂ ಬಾಯಿ ಮುಚ್ಚಿ ಅವಳನ್ನೇ ನೋಡುತ್ತಿತ್ತು.

ಅವಳ ತಮ್ಮನದು ಊರಾಚೆ ಇಟ್ಟಿಗೆ ಸುಡುವ ಗೂಡು. ಒಂದು ದಿನ ಅವನು ಫೋನ್ ಮಾಡಿದ. “ಅಕ್ಕಾ, ಹಳೇ ಗೂಡಿನ ಅಡಿ ನರಿ ಮರಿ ಹಾಕಿದೆ. ಸೋಮವಾರ ಮಷೀನು ತರಿಸಿ ಆ ಗೂಡು ಕೆಡವಿಸ್ತಿದೀನಿ. ನೋಡೋ ಆಸೆ ಇದ್ರೆ ಬಂದು ನೋಡ್ಕೊಂಡು ಹೋಗು.”

ಅಕ್ಕ ಸ್ಟುಡಿಯೋ ಮುಚ್ಚಿ ಸ್ಕೂಟರ್ ಹತ್ತಿದಳು. ಬೆಂಕಿ ಕಾಣದೆ ಎಷ್ಟೋ ವರ್ಷವಾಗಿದ್ದ ಹಳೇ ಗೂಡಿನ ಒಂದು ಗೋಡೆ ಕುಸಿದು, ಸಂದಿನಲ್ಲಿ ಮುಳ್ಳುಗಿಡ ಬೆಳೆದಿತ್ತು. ಸೂರ್ಯ ಇಳಿದಿದ್ದ. ಇಟ್ಟಿಗೆಯ ರಾಶಿಗಳ ನಡುವೆ ಓರೆಯಾಗಿ ಬಿದ್ದ ಬಿಸಿಲಿನಲ್ಲಿ ಕಪ್ಪು ಬಿಲದ ಬಾಯಿ, ಅದರೊಳಗಿಂದ ಇಣುಕುವ ಪುಟ್ಟ ಮೂತಿಗಳು. ಒಂದು ಮರಿ ಕಿವಿ ನಿಮಿರಿಸಿತು. ಕಿವಿಯ ಅಂಚಿನ ಕೂದಲು ಬಂಗಾರದ ಎಳೆಯ ಹಾಗೆ ಹೊಳೆಯಿತು. ದಿನವಿಡೀ ದೀಪದ ಬೆಳಕಲ್ಲಿ ಫೋಟೋ ತೆಗೆಯುವವಳಿಗೆ ಅದರಿಂದ ಕಣ್ಣು ಕೀಳಲಾಗಲಿಲ್ಲ.

“ಕೆಡವೋದು ಮುಂದಕ್ಕೆ ಹಾಕು” ಎಂದಳು.

“ಹಸಿ ಇಟ್ಟಿಗೆ ಒಣಗಿಸೋಕೆ ಶೆಡ್ ಬೇಕು ಅಕ್ಕಾ. ಜಾಗ ಎಲ್ಲಿಂದ ತರ್ಲಿ?”

“ಮರಿಗಳು ಎದ್ದು ಹೋಗೋ ತನಕ ತಡ್ಕೊ, ಅಷ್ಟೇ. ವರ್ಷಾ ವರ್ಷಾ ಗಿರಾಕಿಗಳಿಗೆ ಕ್ಯಾಲೆಂಡರ್ ಹಂಚ್ತೀಯಲ್ಲ, ಎಲ್ಲರ ಮನೆ ಗೋಡೆ ಮೇಲೂ ನಿನ್ನ ಅದೇ ಜಲಪಾತ ಹರೀತಿದೆ. ಈ ಸಲ ನಿನ್ನ ಗೂಡಿನ ಮರಿಗಳನ್ನೇ ಹಾಕಿಸು. ನಾನು ತೆಗೆದು ಕೊಡ್ತೀನಿ.”

“ನರೀನಾ? ಅವು ನಿನ್ನ ಸ್ಟೂಲ್ ಮೇಲೆ ಕೂರಲ್ಲ ಕಣೇ.”

“ನಿನ್ನನ್ನೇ ಕೂರಿಸಿದ್ದೀನಿ. ಅವೇನು ಮಹಾ!”

ತಮ್ಮ ನಕ್ಕುಬಿಟ್ಟ. ನಕ್ಕ ಮೇಲೆ ಇಲ್ಲ ಎನ್ನುವುದು ಅವನಿಗೆ ಚಿಕ್ಕಂದಿನಿಂದಲೂ ಬರುತ್ತಿರಲಿಲ್ಲ.

ಮರುದಿನ ಸಂಜೆ ಅಕ್ಕ ಬಿಲದ ಹತ್ತಿರವೇ ಇಟ್ಟಿಗೆಯ ಮೇಲೆ ಕೂತಳು. ಗಿಲಕಿ ಆಡಿಸಿದಳು, ಟಕ್ ಟಕ್ ಅನ್ನಿಸಿದಳು. ಮರಿಗಳು ಒಳಗೆ ಸೇರಿದ್ದೇ ಸೇರಿದ್ದು, ಕತ್ತಲಾಗುವವರೆಗೂ ಒಂದು ಮೂಗೂ ಆಚೆ ಬರಲಿಲ್ಲ. ಅದರ ಮಾರನೆಯ ಸಂಜೆ ತುಟಿ ಬಿಚ್ಚದೆ ಕೂತಳು. ಆಗ ಬಂದವು. ಮೊದಲು ಒಂದು, ಅದರ ಬಾಲ ಕಚ್ಚಿಕೊಂಡು ಇನ್ನೊಂದು, ಆಮೇಲೆ ದಬದಬನೆ ಉರುಳಿಕೊಂಡು ಉಳಿದವು. ಒಂದು ಮರಿಯಂತೂ ಅವಳ ಚಪ್ಪಲಿ ಮೂಸಿತು. ಅಕ್ಕ ಉಸಿರು ಬಿಗಿಹಿಡಿದು ಕ್ಯಾಮೆರಾ ಎತ್ತಿದಳು.

ಎತ್ತಿದವಳಿಗೆ ರಾಶಿಯ ಆಚೆ ತಾಯಿನರಿ ಕಂಡಿತು. ಬಾಯಲ್ಲಿ ಇಲಿ ಜೋತಾಡುತ್ತಿತ್ತು. ಅದು ಎರಡು ಹೆಜ್ಜೆ ಮುಂದೆ ಬರುವುದು, ಅವಳನ್ನು ನೋಡಿ ಹಿಂದೆ ಸರಿಯುವುದು, ಮತ್ತೆ ಸುತ್ತಿ ಬಂದು ನಿಲ್ಲುವುದು. ಮರಿಗಳು ಕುಂಯ್‌ಗುಟ್ಟತೊಡಗಿದವು. ಬೆಳಕು ಹದವಾಗಿ ಹಣ್ಣಾಗಿತ್ತು. ಇನ್ನು ಸ್ವಲ್ಪ ಹೊತ್ತು ಕೂತಿದ್ದರೆ ಬೇಕಾದ ಫೋಟೋ ಸಿಗುತ್ತಿತ್ತು. ಆದರೆ ಆ ತಾಯಿ ಹಾಗೆ ಒದ್ದಾಡುವುದನ್ನು ನೋಡುತ್ತ ಗುಂಡಿ ಒತ್ತಲು ಅವಳಿಗೆ ಮನಸ್ಸಾಗಲಿಲ್ಲ. ಕ್ಯಾಮೆರಾ ಚೀಲಕ್ಕೆ ಹಾಕಿ, ಮೆಲ್ಲಗೆ ಎದ್ದು, ಹಿಂತಿರುಗಿ ನೋಡದೆ ನಡೆದುಬಿಟ್ಟಳು.

ರಾತ್ರಿ ಊಟಕ್ಕೆ ಕೂತಾಗ ಗಂಡ ಕೇಳಿದ, “ಏನಾಯ್ತು? ಮುಖ ಯಾಕೆ ಹಂಗಿದೆ?”

“ಅಲ್ಲ ರೀ, ಸ್ಟುಡಿಯೋದಲ್ಲಿ ತಾಯೀನ ಮಗು ಕಣ್ಣಿಗೆ ಕಾಣೋ ಹಾಗೆ ನಿಲ್ಲಿಸದೆ ನಾನು ಯಾವತ್ತಾದ್ರೂ ಫೋಟೋ ತೆಗೆದಿದ್ದೀನಾ? ಅಲ್ಲಿ ಹೋಗಿ ತಾಯೀನೇ ಓಡಿಸ್ಕೊಂಡು ಕೂತಿದ್ನಲ್ಲ!”

“ಹಂಗಾದ್ರೆ ನೀನೇ ಮರೆಯಾಗು. ಗೋಣಿ ಬಣ್ಣದ ಪರದೆ ಹೊಲಿದು ಕೊಡ್ತೀನಿ.”

“ಗಾಳಿಗೆ ಪಟಪಟ ಅನ್ನುತ್ತೆ.”

“ಇಟ್ಟಿಗೆಗೆ ಬರವಾ ನಿಮ್ಮ ತವರಿನವರಿಗೆ?”

ಆ ಮಾತು ಅಕ್ಕನಿಗೆ ಹಿಡಿಸಿತು. ಮಾರನೆಯ ದಿನದಿಂದ ತಮ್ಮನೇ ಕೆಲಸಕ್ಕಿಳಿದ. ಅಕ್ಕ ಮರೆಯಾಗಿ ಕೂರುವ ಗೋಡೆಯನ್ನು ಒಮ್ಮೆಗೇ ಕಟ್ಟಿದರೆ ನರಿ ಬೆದರುತ್ತದೆಂದು, ತಾಯಿ ಬೇಟೆಗೆ ಹೋದ ಹೊತ್ತು ನೋಡಿ, ಬಿಲದಿಂದ ಸಾಕಷ್ಟು ದೂರದಲ್ಲಿ ದಿನಕ್ಕೆ ಒಂದಷ್ಟು ಇಟ್ಟಿಗೆ ಮಾತ್ರ ಜೋಡಿಸುತ್ತ ಬಂದ. ಮಣ್ಣಿಲ್ಲ, ಸಿಮೆಂಟಿಲ್ಲ, ಬರೀ ಜೋಡಣೆ. ಸಂಜೆಯಾದರೆ ಫೋನ್ ಬರುತ್ತಿತ್ತು. “ಅಕ್ಕಾ, ಇವತ್ತು ಬಂದು ಗೋಡೆ ಮೂಸಿ ನೋಡ್ತು. ಏನೂ ತಕರಾರು ತೆಗೀಲಿಲ್ಲ.” ಇನ್ನೊಂದು ದಿನ, “ಇವತ್ತು ಗೋಡೆ ಮೇಲೇ ಉಚ್ಚೆ ಹೊಯ್ದು ಹೋಯ್ತು. ಒಪ್ಕೊಂಡ ಹಾಗೇ ಅಲ್ವಾ?” ಗೂಡು ಕೆಡವಲು ಮಷೀನು ತರಿಸುತ್ತೇನೆಂದವನು ಈಗ ಕೆಲಸದವರನ್ನು ಆ ಕಡೆ ಜೋರಾಗಿ ಮಾತಾಡಲೂ ಬಿಡುತ್ತಿರಲಿಲ್ಲ.

ಗೋಡೆ ಮುಗಿಯಿತು. ಅಕ್ಕ ಹಿಂದಿನಿಂದ ತೆವಳಿ ಒಳಗೆ ಕೂತು, ಇಟ್ಟಿಗೆ ಬಿಟ್ಟ ಕಿಂಡಿಯಿಂದ ನೋಡಿದರೆ ಸೂರ್ಯ ನೆಟ್ಟಗೆ ಕಣ್ಣಿಗೇ ಹೊಡೆಯುತ್ತಿದ್ದ. ತಮ್ಮ ನೆಲ ಸಮವಾಗಿದ್ದ ಕಡೆ ನೋಡಿ ಕಟ್ಟಿದ್ದನೇ ಹೊರತು ಬೆಳಕು ಯಾವ ಕಡೆಯಿಂದ ಬರುತ್ತದೆಂದು ನೋಡಿರಲಿಲ್ಲ.

“ಅಯ್ಯೋ, ಬಿಚ್ಚಿ ಆ ಕಡೆ ಕಟ್ಲಾ?” ಅಂತ ಕೈಕೈ ಹಿಸುಕಿಕೊಂಡ.

“ಬೇಡ. ನರಿಗೆ ಈ ಗೋಡೆ ಒಗ್ಗಿ ಹೋಗಿದೆ, ಮತ್ತೆ ಗಾಬರಿ ಮಾಡೋದು ಬೇಡ. ಬೆಳಕಿನ ವಿಚಾರ ನನಗೆ ಬಿಡು. ನಿನ್ನ ಟೋಪಿ ಕೊಟ್ಟು ಹೋಗು.”

ಅಂದು ಸಂಜೆ ತಾಯಿನರಿ ಹೆದರದೆ ಬಂತು. ತಂದ ಬೇಟೆ ಕೆಳಗೆ ಹಾಕಿ, ಮರಿಗಳು ಕಿತ್ತಾಡಿ ಮುಗಿಸಿದ ಮೇಲೆ, ಬಿಲದ ಬಾಯಲ್ಲೇ ಮೈ ಚಾಚಿ ಮಲಗಿತು. ಒಂದು ಮರಿ ಅದರ ಬೆನ್ನೇರಿತು, ಇನ್ನೊಂದು ಕಿವಿ ಎಳೆಯಿತು, ಎಲ್ಲಕ್ಕಿಂತ ಚಿಕ್ಕದು ಮುಂಗಾಲುಗಳ ನಡುವೆ ತೂರಿ ಆಕಳಿಸಿತು. ಹಿಂದಿನಿಂದ ಬಂದ ಬಿಸಿಲು ಅಷ್ಟೂ ಮೈಗಳ ಅಂಚಿಗೆ ಬೆಳಕಿನ ಜರಿ ಹಚ್ಚಿತ್ತು. ತೇಲುವ ಕೆಂಪು ಧೂಳು ಕೂಡ ಮಿನುಗುತ್ತಿತ್ತು. ಅಕ್ಕ ಎಡಗೈಯಲ್ಲಿ ಟೋಪಿಯನ್ನು ಲೆನ್ಸಿಗೆ ನೆರಳಾಗಿ ಹಿಡಿದು, ಅವಸರ ಮಾಡದೆ, ಒಂದೊಂದಾಗಿ ತೆಗೆಯುತ್ತ ಹೋದಳು. ತಾಯಿನರಿ ಒಮ್ಮೆ ಕಿಂಡಿಯ ಕಡೆ ನೋಡಿತು. ನೋಡಿ, ಮರಿಯ ತಲೆ ನೆಕ್ಕಲು ತೊಡಗಿತು. ಎಷ್ಟೋ ವರ್ಷಗಳಿಂದ ಸಾವಿರಾರು ಮುಖಗಳ ಎದುರು ನಿಂತವಳಿಗೆ ಇಷ್ಟು ನೆಮ್ಮದಿಯಾಗಿ ಕೆಲಸ ಮಾಡಿದ ನೆನಪಿರಲಿಲ್ಲ.

ಮರಿಗಳು ಉದ್ದ ಕಾಲಿನ ಪೋರಗಳಾದವು. ಒಂದು ದಿನ ಬಿಲ ಬರಿದಾಯಿತು. ತಮ್ಮ ಇನ್ನೂ ಕೆಲವು ದಿನ ಕಾದ, ಬಿಲದ ಬಾಯಿಗೆ ಬೂದಿ ಹರಡಿ ಹೆಜ್ಜೆ ಮೂಡುತ್ತದೋ ಎಂದು ನೋಡಿದ. ಮೂಡಲಿಲ್ಲ. “ಇನ್ನು ಕೆಡವು” ಎಂದವಳು ಅಕ್ಕನೇ. ಹಳೇ ಗೂಡಿನ ಉಳಿದ ಗೋಡೆಗಳು ಕೆಲಸದವರ ಮೇಲೆ ಬೀಳುವಂತಿದ್ದವು. ಮಷೀನು ಬಂತು, ಶೆಡ್ ಎದ್ದಿತು.

ಕ್ಯಾಲೆಂಡರ್ ಹೊಸ ವರ್ಷ ಹುಟ್ಟುವ ಮೊದಲೇ ಖಾಲಿಯಾಯಿತು. ಇಟ್ಟಿಗೆ ಬೇಡದವರೂ ಬಂದು ಕೇಳಿದರು. ಅಕ್ಕನ ಸ್ಟುಡಿಯೋಗೆ ಹತ್ತಿದವರು ತಮ್ಮ ಕೂಸಿನ ಮಾತು ಬಿಟ್ಟು ಮೊದಲು ಗೋಡೆಯ ಮೇಲಿನ ನರಿಯ ಸಂಸಾರ ನೋಡುತ್ತ ನಿಲ್ಲತೊಡಗಿದರು. ಈಗ ಬಿಸಿಲು ಇಳಿಯುವ ಹೊತ್ತಿಗೆ ಸ್ಟುಡಿಯೋ ಬಾಗಿಲಲ್ಲಿ ‘ನಾಳೆ ಬೆಳಿಗ್ಗೆ ಬನ್ನಿ’ ಎಂಬ ಹಲಗೆ ತೂಗುತ್ತದೆ. ಮೊನ್ನೆ ಕಲ್ಲುಕೋರೆಯವನೊಬ್ಬ ಬಂದು, ಕಡಿದಾದ ಬಂಡೆಯ ಸಂದಿಯಲ್ಲಿ ಮುಂಗುಸಿ ಮರಿ ಹಾಕಿದೆ, ಜಾಗ ತೋರಿಸುತ್ತೇನೆ ಎಂದ.

“ಅಲ್ಲಿ ಹತ್ತೋಕಾಗುತ್ತಾ ನಿಮ್ಗೆ?” ಎಂದು ಕೇಳಿದ.

ಅಕ್ಕ ಚೀಲ ಹೆಗಲಿಗೇರಿಸುತ್ತ, “ನೀನು ದಾರಿ ತೋರ್ಸು. ಮಾತಾಡ್ಬೇಡ” ಎಂದಳು.