ಮೇಷ್ಟ್ರದಲ್ಲದ ನರಿ

ಕಳೆದ ಭಾನುವಾರ ಕೆಟಲ್‌ನ ತಳದಲ್ಲಿ ಕಟ್ಟಿಕೊಂಡಿದ್ದ ಬಿಳಿ ಪದರ ಬಿಡಿಸೋಣವೆಂದು ನೀರಿಗೆ ಒಂದಿಷ್ಟು ವಿನೆಗರ್ ಸುರಿದು ಕುದಿಯಲು ಬಿಟ್ಟಿದ್ದೆ. ಹುಳಿ ವಾಸನೆ ಅಡುಗೆಮನೆ ತುಂಬಿ ಮೂಗಿಗೆ ಅಡರಿತು. ಕಿಟಕಿ ತೆಗೆಯಬೇಕಿತ್ತು. ತೆಗೆಯಲಿಲ್ಲ. ಪಕ್ಕದ ಮನೆಯ ಅಂಕಲ್ ನೆನಪಾಗಿಬಿಟ್ಟರು.

ಹಳೆಯ ಸಿನಿಮಾ ರೀಲು ಕೆಡಲು ಶುರುವಾದರೆ ಹೀಗೇ ವಿನೆಗರ್ ವಾಸನೆ ಹೊಡೆಯುತ್ತದೆ ಎಂದು ನನಗೆ ಹೇಳಿಕೊಟ್ಟವರು ಅವರು. ಮೈಸೂರಿನವರು. ಚಿತ್ರಗಳನ್ನು ಕಾಪಿಡುವ ಸಂಸ್ಥೆಯೊಂದರಲ್ಲಿ ಹರಿದ ಫಿಲ್ಮುಗಳನ್ನು ರಿಪೇರಿ ಮಾಡುತ್ತ ಮೂವತ್ತು ವರ್ಷ ಕಳೆದು ನಿವೃತ್ತರಾಗಿದ್ದರು. ಆಂಟಿ ತೀರಿಕೊಂಡ ಮೇಲೆ ಇಲ್ಲಿ, ಅಮೆರಿಕದ ರಾಕ್‌ವಿಲ್‌ನ ಟೌನ್‌ಹೋಮ್‌ನಲ್ಲಿ ಒಬ್ಬರೇ ಇದ್ದರು. ನಾವು ಪಕ್ಕದ ಮನೆಗೆ ಬಂದ ವಾರವೇ ಬಾಗಿಲು ತಟ್ಟಿ, "ಲ್ಯಾನ್‌ಹ್ಯಾಮ್ ದೇವಸ್ಥಾನಕ್ಕೆ ಹೋದ್ರೆ ನಂಗೂ ಒಂದು ಡಬ್ಬ ಪುಳಿಯೋಗರೆ ತಗೊಂಬಾಮ್ಮ, ನಾನೀಗ ಡ್ರೈವ್ ಮಾಡಲ್ಲ" ಎಂದಿದ್ದರು. ಕಣ್ಣಿನ ನಡುಭಾಗ ಮಸುಕಾಗುತ್ತ ಬಂದಿತ್ತಂತೆ. ಎದುರಿಗೆ ನಿಂತವರ ಮುಖ ಕಾಣುತ್ತಿರಲಿಲ್ಲ, ಅಂಚಿನಲ್ಲಿದ್ದದ್ದು ಮಾತ್ರ ಕಾಣುತ್ತಿತ್ತು. ಹಾಗಾಗಿ ನಮ್ಮೊಡನೆ ಮಾತಾಡುವಾಗ ಕತ್ತು ಓರೆ ಮಾಡಿ ಬೇರೆಲ್ಲೋ ನೋಡುತ್ತಿದ್ದರು.

ಅವರ ಮಾತೆಲ್ಲ ಕೊನೆಗೆ ಬಂದು ನಿಲ್ಲುತ್ತಿದ್ದುದು "ನಮ್ಮ ಮೇಷ್ಟ್ರು" ಎಂಬಲ್ಲಿಗೆ. ಮೇಷ್ಟ್ರೆಂದರೆ ಮೈಸೂರಿನ ಯಾರೋ ಇರಬೇಕು ಎಂದು ಬಹಳ ದಿನ ಅಂದುಕೊಂಡಿದ್ದೆ. ಅಲ್ಲ, ಅವರೊಬ್ಬ ಜಪಾನಿ. ಅಲ್ಲಿ ಆನಿಮೇಷನ್ ಇನ್ನೂ ಅಂಬೆಗಾಲಿಡುತ್ತಿದ್ದ ಕಾಲದಲ್ಲಿ, ಚಿತ್ತಾರದ ಕಾಗದ ಕತ್ತರಿಸಿ ಗೊಂಬೆ ಮಾಡಿ, ಅದನ್ನು ಎಳ್ಳಷ್ಟೆಳ್ಳಷ್ಟೇ ಸರಿಸಿ ಫೋಟೋ ತೆಗೆದು, ಎರಡು ಮೂರು ನಿಮಿಷದ ಚಿತ್ರಗಳನ್ನು ಮಾಡಿದವರು. ಅಂಕಲ್ ಆ ಮೇಷ್ಟ್ರನ್ನು ಕಂಡವರಲ್ಲ. ಕೆಲಸಕ್ಕೆ ಸೇರಿದ ಹೊಸತರಲ್ಲಿ ಮೇಷ್ಟ್ರ ಒಂದು ಚಿತ್ರ ರಿಪೇರಿಗೆ ಬಂದಿತ್ತು, ಅಷ್ಟೇ. ಅದರ ಒಂದೇ ಒಂದು ಫ್ರೇಮಿನ ಚೌಕದಲ್ಲಿ ಮೇಷ್ಟ್ರ ಬೆರಳಿನ ತುದಿ ಉಳಿದುಹೋಗಿತ್ತಂತೆ. ಗೊಂಬೆ ಸರಿಸಿ ಕೈ ತೆಗೆಯುವುದರೊಳಗೆ ಕ್ಯಾಮೆರಾ ಒತ್ತಿಬಿಟ್ಟಿದ್ದರು. ಆ ಬೆರಳಿನ ವಿಷಯ ಹೇಳುವಾಗ ಅಂಕಲ್ ದನಿ ಇಳಿಯುತ್ತಿತ್ತು. ಮೇಷ್ಟ್ರ ಬಹುಪಾಲು ಚಿತ್ರಗಳು ಬೆಂಕಿಗೆ, ಯುದ್ಧಕ್ಕೆ ಹೋಗಿದ್ದವು.

ಅಂಥದ್ದೊಂದು ತಮ್ಮ ಮನೆಯಲ್ಲೇ ಇದೆ ಎಂದು ಅಂಕಲ್ ನಂಬಿದ್ದರು. ಹಿಂದಿನ ವರ್ಷ ಯಾರದೋ ಮನೆ ಖಾಲಿ ಮಾಡುವಾಗಿನ ಸೇಲ್‌ನಲ್ಲಿ ಸಿಕ್ಕಿದ ತುಕ್ಕು ಹಿಡಿದ ಡಬ್ಬಿ, ಅದರೊಳಗೊಂದು ರೀಲು. ಚಿತ್ರದ ಹೆಸರು ಬರುವ ಮೊದಲ ತುಂಡು ಹರಿದುಹೋಗಿತ್ತು. ಓರೆಗಣ್ಣಲ್ಲಿ ಅವರಿಗೆ ಕಂಡದ್ದು ಚಿತ್ತಾರದ ಕಾಗದದ ಒಂದು ನರಿ. ಅಷ್ಟು ಸಾಕಾಗಿತ್ತು.

ಕೋವಿಡ್ ಬಂತು. ಶಾಲೆ ಲ್ಯಾಪ್‌ಟಾಪಿಗೆ ಇಳಿಯಿತು. ನನ್ನ ಲ್ಯಾಬಿನಲ್ಲಿ ವಾರಕ್ಕೆ ಮೂರೇ ದಿನ ಕೆಲಸ. ಎಂಟು ವರ್ಷದ ಮಗಳು ಮನೆಯೊಳಗೆ ಬೋನಿಗೆ ಬಿದ್ದ ಹಾಗೆ ತಿರುಗುತ್ತಿದ್ದಳು. ಒಂದು ಮಧ್ಯಾಹ್ನ ಅಂಕಲ್ ಬೇಲಿಯ ಆಚೆಯಿಂದ ಕೇಳಿದರು: "ನಂಗೆ ಎರಡು ಕಣ್ಣು, ಹತ್ತು ಸಣ್ಣ ಬೆರಳು ಬೇಕಮ್ಮ. ಸಿಗತ್ತಾ?"

ಅವತ್ತಿನಿಂದ ಅವರ ಮನೆ ಹಿಂದಿನ ಮರದ ಡೆಕ್ಕೇ ನಮ್ಮ ಲೋಕವಾಯಿತು. ಒಂದು ತುದಿಯಲ್ಲಿ ಮಾಸ್ಕ್ ಹಾಕಿಕೊಂಡು ಅಂಕಲ್, ಇನ್ನೊಂದು ತುದಿಯ ಮೇಜಿನ ಮುಂದೆ ನಾವಿಬ್ಬರು. ಕೆಳಗಿಂದ ಬೆಳಕು ಬರುವ ಹಲಗೆ, ಭೂತಗನ್ನಡಿ, ಬಿಳಿಯ ಹತ್ತಿಯ ಕೈಗವಸು. ಫಿಲ್ಮು ಒಣಗಿ ಸುರುಟಿಕೊಂಡಿತ್ತು, ಪ್ರೊಜೆಕ್ಟರಿಗೆ ಹಾಕಿದರೆ ಪುಡಿಯಾಗುತ್ತಿತ್ತು. ಒಂದೊಂದೇ ಗೇಣು ಬಿಡಿಸಿ, ಹರಿದಲ್ಲಿ ತೆಳು ಟೇಪು ಅಂಟಿಸಿ ಮುಂದೆ ಹೋಗಬೇಕು. "ಎಳೀಬೇಡ ಪುಟ್ಟ, ಅದು ತಾನೇ ಬರತ್ತೆ" ಎಂದು ಅವರು ಅಲ್ಲಿಂದಲೇ ಹೇಳುವರು. ಮಗಳು ಉಸಿರು ಬಿಗಿಹಿಡಿದು ಟೇಪು ಹಚ್ಚುವಳು. ಶಾಲೆಯ ಲೆಕ್ಕಕ್ಕೆ ಹತ್ತು ನಿಮಿಷ ಕೂರದವಳು...

ನಾನು ಭೂತಗನ್ನಡಿಯಲ್ಲಿ ಕಂಡದ್ದನ್ನು ಹೇಳುತ್ತ ಹೋಗುತ್ತಿದ್ದೆ. ಮುದುಕಿಯೊಬ್ಬಳು ಸೇತುವೆ ದಾಟುತ್ತಿದ್ದಾಳೆ. ಗಾಳಿಗೆ ಅವಳ ಕೊಡೆ ಹಾರಿತು. ನರಿ ಅದನ್ನು ಹಿಡಿಯಿತು. ಕೊಡಲಿಲ್ಲ, ತಲೆಯ ಮೇಲಿಟ್ಟುಕೊಂಡು ಕುಣಿಯುತ್ತಿದೆ. "ಬಾಲ ಹೇಗಿದೆ? ಬೇರೆ ಕಾಗದವೋ, ಅದೇ ಕಾಗದವೋ?" "ಬೇರೆ, ಅಂಕಲ್. ಅಲೆ ಅಲೆ ಡಿಸೈನ್." ಅವರು ಕಣ್ಣು ಮುಚ್ಚಿ ತಲೆಯಾಡಿಸುವರು. ನರಿ ಒಂದು ಹೆಜ್ಜೆ ಇಡಲು ನಮಗೆ ಕೆಲವೊಮ್ಮೆ ಇಡೀ ಸಂಜೆ ಬೇಕಾಗುತ್ತಿತ್ತು. ಮುದುಕಿ ಮಳೆಯಲ್ಲಿ ನೆನೆಯುತ್ತ ನಿಂತಲ್ಲಿಗೆ ನಾವು ತಲುಪಿದಾಗ ಜುಲೈ ಮುಗಿಯುತ್ತ ಬಂದಿತ್ತು. ನರಿ ತಿರುಗಿ ಬಂದು ಅವಳಿಗೆ ಕೊಡೆ ಹಿಡಿಯಿತು ಎಂದಾಗ ಅಂಕಲ್ ಎದ್ದು ನಿಂತುಬಿಟ್ಟರು.

ಅದರ ಹಿಂದೆಯೇ ಕೊನೆಯ ಚೌಕಗಳು ಬಂದವು. ನಾಲ್ಕು ಜಪಾನಿ ಅಕ್ಷರ. ಮಗಳು ಫೋನಿನಲ್ಲಿ ಫೋಟೋ ತೆಗೆದು ಅನುವಾದಿಸಿ, ಪರದೆಯನ್ನು ನನಗೆ ತೋರಿಸಿದಳು. ಮಾಡಿದವರ ಹೆಸರು. ಮೇಷ್ಟ್ರ ಹೆಸರಲ್ಲ.

"ಏನಾದ್ರೂ ಬರ್ದಿದ್ಯಾ?" ಅಂಕಲ್ ಕೇಳಿದರು. ಕತ್ತು ಓರೆ ಮಾಡಿ, ಮುಖವೆಲ್ಲ ಕಿವಿಯಾಗಿ.

"ಅಳಿಸೋಗಿದೆ, ಅಂಕಲ್" ಎಂದುಬಿಟ್ಟೆ. ಮಗಳು ನನ್ನನ್ನೇ ನೋಡಿದಳು.

ಮರುದಿನ ಅವರು ಟೋಕಿಯೊದ ಚಲನಚಿತ್ರ ಸಂಗ್ರಹಾಲಯಕ್ಕೆ ನನ್ನಿಂದ ಇಮೇಲ್ ಬರೆಸಿದರು. ಕಳೆದುಹೋದ ಚಿತ್ರವೊಂದು ಸಿಕ್ಕಿದೆ, ಇದು ಮೇಷ್ಟ್ರದೇ, ನನ್ನ ಮೂವತ್ತು ವರ್ಷದ ಅನುಭವದ ಮೇಲೆ ಹೇಳುತ್ತಿದ್ದೇನೆ, ಎಂದು. ಬರೆದುಕೊಂಡೆ, ಕಳಿಸಲಿಲ್ಲ. ದಿನಾ ಬೇಲಿಯ ಬಳಿ "ಕಳ್ಸಿದ್ಯಾ?" "ಕಳಿಸ್ತೀನಿ, ಅಂಕಲ್." ಕಣ್ಣು ಹೋಗುತ್ತಿರುವ ಮನುಷ್ಯನ ಕೈಯಿಂದ ಇದನ್ನೂ ಕಿತ್ತುಕೊಳ್ಳುವುದು ಹೇಗೆ? ಕಳಿಸಿದರೆ ಅಲ್ಲಿಯವರು ಆ ಹೆಸರನ್ನು ಮೊದಲ ದಿನವೇ ಓದುತ್ತಾರೆ, ಅವರ ಮೂವತ್ತು ವರ್ಷ ನಗೆಪಾಟಲಾಗುತ್ತದೆ. ಎರಡು ವಾರ ಹೀಗೇ ಹೋಯಿತು. ಮಗಳು ಡೆಕ್ಕಿಗೆ ಬರುವುದನ್ನೇ ಬಿಟ್ಟಳು. "ಯು ಲೈಡ್ ಟು ಹಿಮ್, ಅಮ್ಮ" ಎಂದಳು ಒಂದು ದಿನ, ಊಟದ ತಟ್ಟೆ ನೋಡುತ್ತ.

ಅವತ್ತೇ ಹೋಗಿ ನಿಜ ಹೇಳಿದೆ, ಹೆಸರನ್ನೂ ಓದಿದೆ. ಅಂಕಲ್ ಕೈಗವಸುಗಳನ್ನು ತಡವಿ ಹುಡುಕಿ, ಒಂದರ ಮೇಲೊಂದಿಟ್ಟು ಮಡಿಸಿ, ಒಳಗೆ ಹೋಗಿ ಬಾಗಿಲು ಎಳೆದುಕೊಂಡರು. ಮೂರು ದಿನ ಹೊರಗೆ ಬರಲಿಲ್ಲ. ಬಾಗಿಲ ಮುಂದೆ ಇಟ್ಟ ಸಾರಿನ ಡಬ್ಬ ಇಟ್ಟಲ್ಲೇ ಇತ್ತು.

ನಾಲ್ಕನೆಯ ದಿನ ಫೋನ್ ಬಂತು. "ಆ ಹೆಸರು ಇನ್ನೊಂದ್ಸಲ ಓದು." ಓದಿದೆ. "ಹ್ಞೂಂ. ನಾನೂ ಫೋನಲ್ಲಿ ಓದಿಸ್ಕೊಂಡು ಎಲ್ಲಾ ಕಡೆ ಹುಡುಕ್ಸಿದೆ. ನಮ್ಮ ಮೇಷ್ಟ್ರ ಮೇಲೆ ಪುಸ್ತಕಗಳಿವೆ ಕಣಮ್ಮ. ಈ ಪುಣ್ಯಾತ್ಮನ ಮೇಲೆ ಒಂದು ಸಾಲೂ ಇಲ್ಲ. ಅವನೂ ಕೂತ್ಕೊಂಡು ಕಾಗದ ಕತ್ತರಿಸಿದಾನೆ, ಬಾಲಕ್ಕೆ ಅಂತ ಬೇರೆ ಕಾಗದ ಹುಡುಕಿದಾನೆ... ಇದು ಹೋದ್ರೆ ಅವನೇ ಹೋದ. ಮೇಲ್ ತಿದ್ದು, ಅವನ ಹೆಸರು ಹಾಕು, ಇವತ್ತೇ ಕಳ್ಸು." ಆಮೇಲೆ ಸೇರಿಸಿದರು: "ನಿನ್ನನ್ನ ನನ್ನ ಕಣ್ಣು ಅಂತ ಕೂರಿಸ್ಕೊಂಡಿದ್ದೆ. ಕಣ್ಣು ಸುಳ್ಳು ಹೇಳ್ಬಾರ್ದಮ್ಮ."

ಅಷ್ಟೇ. ಮತ್ತೆಂದೂ ಆ ಮಾತು ಎತ್ತಲಿಲ್ಲ. ಸಂಜೆ ಖಾಲಿ ಡಬ್ಬ ತೊಳೆದು ವಾಪಸು ಕೊಟ್ಟರು.

ರೀಲು ಟೋಕಿಯೊ ತಲುಪಿದ ಸುದ್ದಿ ಅವರಿಗೆ ಮುಟ್ಟಿತು. ಆ ಹೆಸರು ತಮಗೂ ಹೊಸದು ಎಂದು ಅಲ್ಲಿಯವರು ಬರೆದದ್ದನ್ನು ನನ್ನಿಂದ ಎರಡೆರಡು ಸಲ ಓದಿಸಿಕೊಂಡು, ಹುಡುಗರ ಹಾಗೆ ನಕ್ಕರು. ಕಣ್ಣು ಪೂರ್ತಿ ಹೋಗುತ್ತ ಬಂದಾಗ ಅವರ ಮಗಳು ಬಂದು ಅವರನ್ನು ಅಟ್ಲಾಂಟಾದ ತನ್ನ ಮನೆಗೆ ಕರೆದುಕೊಂಡು ಹೋದರು. ಬಂದು ನೋಡುತ್ತೇನೆ ಎಂದಿದ್ದೆ... ರಜೆ ಸಿಗದ್ದು, ನಮ್ಮ ವೀಸಾ ನವೀಕರಣದ ಕಾಗದಪತ್ರ, ಒಂದಲ್ಲ ಒಂದು. ಹೋಗಲಿಲ್ಲ. ಒಂದು ಮಾರ್ಚ್ ಬೆಳಿಗ್ಗೆ ಅವರ ಮಗಳ ಫೋನ್ ಬಂತು. ನಿದ್ದೆಯಲ್ಲೇ ಹೋದರಂತೆ.

ಕೆಲವು ತಿಂಗಳ ಮೇಲೆ ಸಂಗ್ರಹಾಲಯದವರು ಚಿತ್ರವನ್ನು ಸ್ಕ್ಯಾನ್ ಮಾಡಿ ಲಿಂಕ್ ಕಳಿಸಿದ್ದರು. ಅದನ್ನು ತೆರೆಯಲು ಇಷ್ಟು ದಿನ ಮನಸ್ಸು ಬಂದಿರಲಿಲ್ಲ. ಭಾನುವಾರ ಹುಡುಕಿ ತೆಗೆದೆ. ಮಗಳು, ಈಗ ಹದಿಮೂರು, ಸೋಫಾದ ಹಿಂದೆ ಬಂದು ನಿಂತಳು. ಮುದುಕಿ ಸೇತುವೆ ದಾಟಿದಳು, ಕೊಡೆ ಹಾರಿತು, ನರಿ ಕುಣಿಯಿತು, ಮಳೆ ಬಂತು, ನರಿ ತಿರುಗಿ ಬಂತು. ನಾಲ್ಕು ಅಕ್ಷರ ಮೂಡಿ ಪರದೆ ಕಪ್ಪಾಯಿತು. ಎಲ್ಲ ಸೇರಿ ಮೂರು ನಿಮಿಷ.

"ಅಷ್ಟೇನಾ?" ಎಂದಳು ಮಗಳು. ಸೋಫಾ ಸುತ್ತಿ ಬಂದು ಪಕ್ಕ ಕೂತು, "ಅಂಕಲ್ ಜೊತೆ ನೋಡ್ದಾಗ ತುಂಬಾ ಲಾಂಗ್ ಇತ್ತಲ್ಲ, ಅಮ್ಮ?"

ಇತ್ತು. ಒಂದಿಡೀ ಬೇಸಿಗೆಯಷ್ಟು ಇತ್ತು.