ಟಿವಿಗೆ ಅಂಟಿಸಿದ ರಟ್ಟು

ಅಮೆರಿಕದ ಟೊಲೀಡೊ ಊರಿನ ಟೈರ್ ಅಂಗಡಿಯ ಕೆಲಸಗಾರ ವೆಂಡೆಲ್‌ಗೆ ಆಟದಲ್ಲಿ ಮೋಸ ಮಾಡುವವರನ್ನು ಕಂಡರಾಗದು. ಗುಂಡು ಹಾರಿಸುವ ವಿಡಿಯೊ ಗೇಮೊಂದನ್ನು ಇಬ್ಬರು ಒಂದೇ ಟಿವಿಯಲ್ಲಿ ಆಡುತ್ತಿದ್ದರು: ಪರದೆಯ ಮೇಲರ್ಧ ಗೆಳೆಯ ಡೇಲ್‌ನದು, ಕೆಳಗರ್ಧ ಇವನದು. ಒಬ್ಬರ ಭಾಗವನ್ನು ಇನ್ನೊಬ್ಬರು ಕದ್ದು ನೋಡದಂತೆ ನಡುವೆ ವೆಂಡೆಲ್ ಒಂದು ರಟ್ಟನ್ನು, ಗೋಡೆಗೆ ಬಡಿದ ಹಲಗೆಯ ಹಾಗೆ ಮುಂದಕ್ಕೆ ಚಾಚುವಂತೆ, ಅಡ್ಡ ಅಂಟಿಸಿದ್ದ. ಡೇಲ್ ಸೋಫಾದ ಮೇಲೆ, ಇವನು ನೆಲದ ಮೇಲೆ. ಹನ್ನೊಂದು ವರ್ಷದ ಶನಿವಾರಗಳು ಹೀಗೇ ಕಳೆದಿದ್ದವು.

ಆಟದ ಎರಡನೇ ಭಾಗ ಬಂದ ದಿನ ಡೇಲ್ ಚಿಪ್ಸ್ ಹಿಡಿದು ಬಂದು, ಪರದೆ ನೋಡಿ ಕೇಳಿದ.

"ಇಬ್ರು ಆಡೋದು ಎಲ್ಲಿದೆಯೋ ಇದ್ರಲ್ಲಿ?"

"ಇಲ್ಲ ಕಣೋ. ಅವರವರ ಮನೇಲಿ ಅವರವರು ಆಡ್ಕೋಬೇಕಂತೆ. ಥೂ, ಇದನ್ನ ಮಾಡಿದೋನಿಗೆ ಒಬ್ಬ ಸ್ನೇಹಿತನೂ ಇಲ್ಲ ಅನ್ಸುತ್ತೆ."

"ಒಂದ್ಸಲ ನೋಡಿ ವಾಪಸ್ ಕೊಟ್ಬಿಡು."

ವೆಂಡೆಲ್ ಮೂತಿ ಸಿಂಡರಿಸಿಕೊಂಡೇ ಶುರುಮಾಡಿದ. ಆಟದೊಳಗಿನ ಅವನ ಸಿಪಾಯಿ ಗೋಡೆಯ ಮೇಲೆ ಓಡಿದ, ನೆಲದಲ್ಲಿ ಜಾರುತ್ತಲೇ ಮೂವರನ್ನು ಕೊಂದ. ಕಣ್ಣು ಮಿಟುಕಿಸಲೂ ಪುರುಸೊತ್ತಿರಲಿಲ್ಲ.

"ನಂಗೂ ಕೊಡೋ," ಎಂದ ಡೇಲ್.

"ಇದೊಂದು ಸುತ್ತು."

ಡೇಲ್ ಮತ್ತೆರಡು ಸಲ ಕೇಳಿದ. ಉತ್ತರ ಅದೇ.

ಹಸಿವಾಗಿ ತಿರುಗಿ ನೋಡಿದಾಗ ಸೋಫಾ ಖಾಲಿಯಿತ್ತು. ಚಿಪ್ಸ್ ಪೊಟ್ಟಣ ಒಡೆದೇ ಇರಲಿಲ್ಲ. ರಟ್ಟು ಕಾಲ ಬಳಿ ಬಿದ್ದಿತ್ತು. ಅದನ್ನು ಯಾವಾಗ ಕಿತ್ತೆಸೆದೆನೆಂದು ಅವನಿಗೆ ನೆನಪಾಗಲಿಲ್ಲ. ತನ್ನ ಮೇಲೇ ಹೇಸಿಗೆಯಾಯಿತು. ಆ ಹೇಸಿಗೆಯಲ್ಲೇ ಇನ್ನೊಂದು ಸುತ್ತಿಗೆ ಗುಂಡಿ ಒತ್ತಿದ.