ಅಕ್ಕನಿಗೆ ಕೊಡದ ಮಾತ್ರೆ

ಎದೆಯ ಕ್ಯಾನ್ಸರ್ ಗಡ್ಡೆ ತೆಗೆದ ಮೇಲೆ ಡಾಕ್ಟರು ಬಟ್ಟೆ ಹೊಲಿಯುವ ಹೆಂಗಸೊಬ್ಬಳಿಗೆ ಬರೀ ಮಾತ್ರೆ ಬರೆದುಕೊಟ್ಟರು. ಅವಳಿಗೆ ಕೂತಲ್ಲಿ ಕೂರಲಾಗಲಿಲ್ಲ. ಹಿಂದೆ ಸ್ತನ ಕ್ಯಾನ್ಸರಿಗೇ ಕೀಮೋ ಮಾಡಿಸಿಕೊಂಡ ಅಕ್ಕನ ತಲೆಗೂದಲೆಲ್ಲ ಉದುರಿತ್ತು. ತಾನು ಬದುಕುವ ಆಸೆಯನ್ನೇ ಡಾಕ್ಟರು ಬಿಟ್ಟಿದ್ದಾರೆಂದು ಹೆದರಿ, ಹೊಲಿಯುತ್ತಿದ್ದ ಅಂಗಿಯನ್ನು ಮಿಷನ್ನಿನಲ್ಲೇ ಬಿಟ್ಟು, ಅಕ್ಕನನ್ನು ಎಳೆದುಕೊಂಡು ಆಸ್ಪತ್ರೆಗೆ ಓಡಿದಳು.

“ಅಕ್ಕನಿಗೆ ಅಷ್ಟೆಲ್ಲ ಮಾಡಿದ್ರಿ, ನನಗ್ಯಾಕೆ ಬರೀ ಮಾತ್ರೆ?”

“ನಿಮ್ಮ ಗಡ್ಡೇಲಿ ಹಾರ್ಮೋನ್ ಹಿಡಿದು ಗಡ್ಡೆ ಬೆಳೆಸೋ ಗ್ರಾಹಕಗಳು ತುಂಬಾ ಇವೆಯಮ್ಮ. ಮಾತ್ರೆ ಅವನ್ನೇ ತಡೆಯುತ್ತೆ. ಅಕ್ಕನ ಗಡ್ಡೇಲಿ ಅವು ಇರಲೇ ಇಲ್ಲ. ಮಾತ್ರೆ ಕೊಟ್ಟಿದ್ರೂ ಉಪಯೋಗ ಆಗ್ತಿರಲಿಲ್ಲ,” ಎಂದರು ಡಾಕ್ಟರು.

“ನನ್ನ ಥರಾನೇ ಬೋಳಾಗ್ಬೇಕು ಅಂತ ಹಟಾನಾ ನಿಂಗೆ?” ಎಂದು ಅಕ್ಕ ನಕ್ಕಳು.

ತಂಗಿಗೂ ನಗು ಬಂತು. ಮನೆಗೆ ಬಂದು ಮಾತ್ರೆ ನುಂಗಿದಳು. ಹೆದರಿಕೆ ಹೋಯಿತು, ತಳಮಳ ಹೋಗಲಿಲ್ಲ. ತನಗೆ ಇಷ್ಟು ಸುಲಭವಾದದ್ದು ಅಕ್ಕನಿಗೇಕೆ ಆಗಲಿಲ್ಲವೆಂಬ ಸಂಕಟ ಈಗ ಶುರುವಾಗಿತ್ತು.